ರೇಸ್ ಸೈಕಲ್ ಹಿಡಿಯುವ ಕೆಲಸ

ನನ್ನ ಮೊಬೈಲಿನಲ್ಲಿ ಹತ್ತೊಂಬತ್ತು ಸೆಕೆಂಡಿನ ಒಂದು ವಿಡಿಯೋ ಇದೆ. ಅದರ ಕೊನೆಯಲ್ಲಿ ಎಪ್ಪತ್ತೆರಡು ವರ್ಷದ ಒಬ್ಬರು ಸೈಕಲ್ಲಿನಿಂದ ಬೀಳುತ್ತಾರೆ. ವೇಗವಾಗಿ ಬಂದು ಬೀಳುವುದಿಲ್ಲ. ನಿಂತ ಮೇಲೆ ಬೀಳುತ್ತಾರೆ. ಎಡಕ್ಕೋ ಬಲಕ್ಕೋ ಎಂದು ಸೈಕಲ್ಲು ಒಂದು ಕ್ಷಣ ಯೋಚಿಸಿದ ಹಾಗೆ ಕಾಣುತ್ತದೆ. ಆಮೇಲೆ ಬಲಕ್ಕೆ ವಾಲುತ್ತದೆ.

ಬಲಕ್ಕೆ, ಒಂದು ಕೈಯಳತೆಯಲ್ಲಿ, ನಿಂತಿದ್ದವನು ನಾನು.

(ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ಹೇಳದೆ ತಪ್ಪಿಸಿಕೊಂಡೇನು ಎಂಬ ಭಯ.)

ಬಿದ್ದವರು ಖಲೀಲ್ ಸಾಹೇಬರು. ರಾಮನಗರದಲ್ಲಿ ಅವರದೊಂದು ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕವಿದೆ. ಈಗ ಅದನ್ನು ನಡೆಸುವುದು ಮಗಳು ಶಾಹೀನಾ. ಹೈಸ್ಕೂಲಿನಲ್ಲಿ ಅವಳಿಗೆ ಕನ್ನಡ ಕಲಿಸಿದ್ದು ನಾನೇ. ಆದರೆ ಬಿಸಿನೀರಿನಲ್ಲಿ ತೇಲುವ ಗೂಡಿನ ಎಳೆಯ ತುದಿ ಹುಡುಕುವುದರಲ್ಲಿ ಸಾಹೇಬರ ಬಲಗೈ ಬೆರಳುಗಳನ್ನು ಮೀರಿಸುವವರು ಅಲ್ಲಿ ಯಾರೂ ಇಲ್ಲ. ಇರಲಿಲ್ಲ ಎಂದು ಬರೆಯಬೇಕು.

ಮೂರು ತಿಂಗಳ ಹಿಂದೆ ನಮ್ಮ ಮನೆಯ ಮದುವೆಯ ಪತ್ರಿಕೆ ಕೊಡಲು ಹೋಗಿದ್ದೆ. ಘಟಕದ ಗೋಡೆಯ ಮೇಲೆ, ಎರಡು ಮೊಳೆಗೆ ನೇತುಹಾಕಿದ ಒಂದು ಸೈಕಲ್ಲು. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ ಕೂಡ ಇಲ್ಲ. ಟಗರಿನ ಕೊಂಬಿನಂತೆ ಕೆಳಕ್ಕೆ ಸುತ್ತಿದ ಹ್ಯಾಂಡಲ್. ಬೆರಳು ದಪ್ಪದ ಟೈರು.

"ಇದೇನ್ ಸಾಹೇಬ್ರೇ, ಇಷ್ಟು ಸಣಕಲು?"

"ಸಣಕಲಾದ್ರೂ ಉಕ್ಕು ಕಣ್ರೀ ಮೇಷ್ಟ್ರೇ. ಎತ್ತಿ ನೋಡಿ, ನಿಮ್ ಕೈಚೀಲಕ್ಕಿಂತ ಹಗುರ ಐತೆ."

ಎತ್ತಿದೆ. ಅಷ್ಟೇನೂ ಹಗುರ ಇರಲಿಲ್ಲ. ಆದರೆ ಅವರ ಮುಖ ನೋಡಿ ಹೌದು ಎಂದೆ.

ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ರೇಸ್ ಸೈಕಲ್ ಅದು. ಮಾಗಡಿ ರಸ್ತೆಯಲ್ಲಿ, ಕನಕಪುರ ರಸ್ತೆಯಲ್ಲಿ ಆಗ ಹುಡುಗರು ತಾವೇ ಸೇರಿಕೊಂಡು ರೇಸ್ ನಡೆಸುತ್ತಿದ್ದರಂತೆ. ಹ್ಯಾಂಡಲಿನ ಎರಡೂ ತುದಿಗೆ ಅರಗಿನ ಬಣ್ಣದ ಕೆಂಪು ಮರದ ಬಿರಡೆ. ಅವನ್ನು ಕಡೆದು ಕೊಟ್ಟವರು ಚನ್ನಪಟ್ಟಣದ ಗೊಂಬೆ ಕೆಲಸದ ನಂಜಪ್ಪ, ಸಾಹೇಬರ ಗೆಳೆಯ. ತೀರಿಕೊಂಡು ಆರು ವರ್ಷವಾಯಿತು.

ನಂಜಪ್ಪ ಒಂದು ದಿನವೂ ರೇಸಿನಲ್ಲಿ ಓಡಿಸಿದವರಲ್ಲ. ಅವರ ಕೆಲಸ ಹಿಡಿಯುವುದು.

ಹಿಡಿಯುವುದು ಎಂದರೆ? ರೇಸ್ ಸೈಕಲ್ಲಿನ ಪೆಡಲಿಗೆ ತಂತಿಯ ಒಂದು ಕೊಕ್ಕೆ, ಅದಕ್ಕೊಂದು ತೊಗಲಿನ ಪಟ್ಟಿ. ಶೂ ತೂರಿಸಿ ಪಟ್ಟಿ ಎಳೆದರೆ ಕಾಲು ಪೆಡಲಿಗೆ ಅಂಟಿಕೊಳ್ಳುತ್ತದೆ. ತುಳಿಯುವಾಗ ಮಾತ್ರವಲ್ಲ, ಕಾಲು ಮೇಲಕ್ಕೆಳೆಯುವಾಗಲೂ ಚಕ್ರ ತಿರುಗುತ್ತದೆ. ಆದರೆ ನಿಂತಾಗ ನೆಲಕ್ಕೆ ಕಾಲು ಕೊಡಲು ಆಗುವುದಿಲ್ಲ. ಹಾಗಾಗಿ ಹೊರಡುವಾಗ ಸೀಟು ಹಿಡಿದು ತಳ್ಳಲು, ಬಂದು ನಿಲ್ಲುವಾಗ ಹಿಡಿದುಕೊಳ್ಳಲು ಒಬ್ಬರು ಬೇಕು.

"ನಂಜ ಹಿಡಿದವ್ನೆ ಅಂದ್ರೆ ಕಣ್ ಮುಚ್ಕಂಡು ನಿಲ್ಲಿಸ್ತಿದ್ದೆ," ಎಂದರು ಸಾಹೇಬರು. "'ಏನ್ಲಾ, ಆನೆ ಹಂಗ್ ಆಗಿದ್ದೀಯ' ಅಂತ ಬೈಕಂಡೇ ಹಿಡೀತಿದ್ದ. ಒಂದ್ ದಿನ ಬುಟ್ಟಿಲ್ಲ."

ಪತ್ರಿಕೆಗೆ ನಾನು ಬರೆಯುವ ಅಂಕಣಕ್ಕೆ ವಿಷಯ ಸಿಕ್ಕಿತು ಅನ್ನಿಸಿತು. ಸಾಹೇಬರು ಮತ್ತೆ ಸೈಕಲ್ ಹತ್ತಬೇಕು, ನಾನು ಅದನ್ನು ಬರೆಯಬೇಕು. ಎರಡು ವಾರ ಬೆನ್ನು ಬಿದ್ದೆ. ಸಾಹೇಬರು ಟೈರು ಹಾಕಿಸಿದರು, ಪಟ್ಟಿಗೆ ಎಣ್ಣೆ ಹಚ್ಚಿದರು. ಶಾಹೀನಾಗೆ ಮನಸ್ಸಿರಲಿಲ್ಲ. ಕೊನೆಗೆ, "ನೀವು ಜೊತೇಲಿ ಇರ್ತೀರಲ್ಲ ಸಾರ್, ಹಂಗಾದ್ರೆ ಹೋಗ್ಲಿ," ಎಂದಳು.

ಭಾನುವಾರ ಬೆಳಿಗ್ಗೆ ಏಳು ಗಂಟೆ. ಅರ್ಕಾವತಿಯ ಆಚೆ, ಇನ್ನೂ ಮನೆ ಏಳದ ಹೊಸ ಬಡಾವಣೆಯ ಖಾಲಿ ರಸ್ತೆ.

"ಪಟ್ಟಿ ಬಿಗೀದೇನೂ ಓಡಿಸ್ಬೋದು ಮೇಷ್ಟ್ರೇ. ಬಿಗಿದ್ರೆ ಬಗ್ಗಿ ಬಿಚ್ಚಕ್ಕೆ ನನ್ ಸೊಂಟ ಕೇಳಕ್ಕಿಲ್ಲ. ನೀವು ಹಿಡ್ಕಂಡ್ರೆ ನಿಂತ್ಮೇಲೆ ನಿಧಾನಕ್ಕೆ ಬಿಚ್ಕತೀನಿ."

"ಬಿಗೀರಿ ಸಾಹೇಬ್ರೇ. ಹಳೇ ಕಾಲದ ಹಾಗೇ ಇರ್ಲಿ. ನಾನ್ ಹಿಡ್ಕೋತೀನಿ."

"ನೀವು ಕನ್ನಡ ಮೇಷ್ಟ್ರು. ಹಿಡಿಯೋದು ಅಂದ್ರೆ ಹಿಡಿಯೋದು. ವರ್ಣನೆ ಅಲ್ಲ."

ಇಬ್ಬರೂ ನಕ್ಕೆವು. ಹೊರಡುವಾಗ ನಾನು ಸೀಟು ಸರಿಯಾಗಿಯೇ ಹಿಡಿದೆ, ತಳ್ಳಿದೆ. ಅವರು ಹೋದರು. ಅದನ್ನು ಹೇಗೆ ಹೇಳಲಿ? ಬೆನ್ನು ಬಗ್ಗಿತು, ಮೊಣಕೈ ಒಳಕ್ಕೆ ಬಂತು, ಸೊಂಟ ನೋವು ಎಂದವರು ಅವರೇ ಏನು ಎನ್ನಿಸಿತು. ರಸ್ತೆಯ ಕೊನೆಯಲ್ಲಿ ತಿರುಗಿದರು. ಆಗ ನಾನು ಜೇಬಿನಿಂದ ಫೋನ್ ತೆಗೆದೆ.

ಉಳಿದದ್ದು ವಿಡಿಯೋದಲ್ಲಿದೆ. ಸಾಹೇಬರು ಹತ್ತಿರ ಬರುತ್ತಾರೆ, ತುಳಿಯುವುದು ನಿಲ್ಲಿಸುತ್ತಾರೆ, ಬ್ರೇಕ್ ಹಿಡಿಯುತ್ತಾರೆ. ಹಿನ್ನೆಲೆಯಲ್ಲಿ ನನ್ನ ದನಿ: "ಸೂಪರ್ ಸಾಹೇಬ್ರೇ, ಹಂಗೇ ಬನ್ನಿ, ಸೂಪರ್!" ಅವರು ಕ್ಯಾಮೆರಾ ನೋಡುತ್ತಿಲ್ಲ. ನನ್ನ ಕೈ ಎಲ್ಲಿದೆ ಎಂದು ನೋಡುತ್ತಿದ್ದಾರೆ. ನನ್ನ ಒಂದು ಕೈಯಲ್ಲಿ ಫೋನ್ ಇತ್ತು. ಇನ್ನೊಂದು ಕೈ, ಚಿತ್ರ ಅಲುಗಾಡದಿರಲಿ ಎಂದು, ಅದೇ ಫೋನನ್ನು ಹಿಡಿದಿತ್ತು.

"ನಂಜಾ, ಹಿಡಿಯೋ," ಎಂದರು. ನನ್ನ ಹೆಸರಲ್ಲ.

ಬಲಗೈ ಊರಿದರು. ಮಣಿಕಟ್ಟು ಮುರಿದ ಸದ್ದು ವಿಡಿಯೋದಲ್ಲಿ ಇಲ್ಲ. ನನಗೆ ಕೇಳಿಸಿತ್ತು.

ಆಸ್ಪತ್ರೆಗೆ ಶಾಹೀನಾ ಓಡಿ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು, "ಪಟ್ಟಿ ಜಾಸ್ತಿ ಬಿಗಿದ್ಬುಟ್ಟಿದ್ದೆ ಕಣಮ್ಮ. ನಂದೇ ತಪ್ಪು," ಎಂದರು. ಅವಳು ನನ್ನ ಕಡೆ ತಿರುಗಿದಳು. ನಾನು ತಲೆ ಆಡಿಸಿದೆ. ಹೌದು ಎಂದು.

ಬೀಳಿಸಿದ್ದು ಅಜಾಗರೂಕತೆ. ತಲೆ ಆಡಿಸಿದ್ದು? ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಮೇಲೆ ಪ್ರಬಂಧ ಬರೆಸಿದವನು ನಾನು. ಕ್ಲಾಸಿನಲ್ಲಿ ಮೊಬೈಲ್ ಕಿತ್ತಿಟ್ಟುಕೊಳ್ಳುತ್ತಿದ್ದವನೂ ನಾನೇ.

ಪ್ಲಾಸ್ಟರ್ ಬಿಚ್ಚಿದ ಮಾರನೇ ವಾರ ಘಟಕಕ್ಕೆ ಹೋಗಿದ್ದೆ. ಸಾಹೇಬರು ತೊಟ್ಟಿಯ ಮುಂದೆ ಕೂತು ಎಳೆಯ ತುದಿ ಹುಡುಕುತ್ತಿದ್ದರು. ಹೆಬ್ಬೆರಳು ತೋರುಬೆರಳಿಗೆ ತಾಕಲು ಇನ್ನೊಂದು ಭತ್ತದ ಕಾಳಿನಷ್ಟು ದೂರ ಉಳಿಯುತ್ತಿತ್ತು. ಎಳೆ ಜಾರಿತು. ಮತ್ತೆ ಹಿಡಿದರು, ಜಾರಿತು. ಮೂರನೇ ಸಲ ಕೈಯನ್ನು ಲುಂಗಿಗೆ ಒರೆಸಿಕೊಂಡು ಎದ್ದರು.

"ಬುಡಿ ಅಬ್ಬಾ, ನಾನ್ ನೋಡ್ಕತೀನಿ," ಎಂದಳು ಶಾಹೀನಾ. ಅವಳ ದನಿ ತೀರಾ ಸಹಜವಾಗಿತ್ತು. ಅಂದರೆ ಇದು ದಿನಾ ನಡೆಯುತ್ತಿದೆ.

ಹೊರಗೆ ಬಂದಾಗ ಕೇಳಿದೆ. "ಅವತ್ತು ನಿಜ ಯಾಕೆ ಹೇಳ್ಲಿಲ್ಲ ಸಾಹೇಬ್ರೇ?"

"ಹೇಳಿದ್ರೆ ನಿಮ್ನ ಬಾಗ್ಲೊಳಕ್ಕೆ ಬುಡ್ತಿದ್ಲಾ ಅವ್ಳು? ನಂಜ ಹೋದ್ಮೇಲೆ ಆ ಸೈಕಲ್ ಬಗ್ಗೆ ಬಾಯ್ಬುಟ್ಟು ಕೇಳಿದೋರು ನೀವೊಬ್ರೇ." ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಿದ್ದರು, ಡಾಕ್ಟರು ಹೇಳಿದ ವ್ಯಾಯಾಮ. "ಆದ್ರೆ ಮೇಷ್ಟ್ರೇ, ಹಿಡೀತೀನಿ ಅಂತ ಇನ್ಯಾರ್ಗೂ ಹೇಳ್ಬೇಡಿ."

ತಮಾಷೆಗೆ ಹೇಳಿದರೋ ಇಲ್ಲವೋ ಗೊತ್ತಾಗಲಿಲ್ಲ. ಅವರಂತೂ ನಗಲಿಲ್ಲ.

ಮೊನ್ನೆ ಶಾಹೀನಾ ಚಹಾ ಕೊಡುತ್ತಾ, "ನೀವು ಪಕ್ಕದಲ್ಲಿ ಇದ್ದಿದ್ದಕ್ಕೆ ಕೈಯಲ್ಲೇ ಹೋಯ್ತು ಸಾರ್. ಇಲ್ದಿದ್ರೆ ತಲೆಗೇ ಆಗ್ತಿತ್ತು," ಎಂದಳು. ನಾನು ಚಹಾ ಪೂರ್ತಿ ಕುಡಿದೆ. ಚೆನ್ನಾಗಿದೆ ಎಂದೂ ಹೇಳಿದೆ.

ಈ ಪುಟವನ್ನು ಅವಳೂ ಓದುತ್ತಾಳೆ. ನಮ್ಮ ಮನೆಯಿಂದ ಅವರ ಮನೆಗೆ ಹತ್ತೇ ನಿಮಿಷದ ನಡಿಗೆ. ಅವಳೆದುರು ನಿಂತು ಹೇಳಬೇಕಾದ್ದನ್ನು ಇಲ್ಲಿ ಕೂತು ನಿಮಗೆಲ್ಲ ಹೇಳುತ್ತಿದ್ದೇನಲ್ಲ, ಇದಕ್ಕೆ ನೀವು ಧೈರ್ಯ ಅನ್ನುತ್ತೀರಾ?