ಬೀರುವಿನೊಳಗಿನ ಮೈಕ್ರೋಸ್ಕೋಪು

ಹೊಸೂರಿನ ಸುತ್ತ ಕಾರ್ಖಾನೆಗಳು ಆಗಷ್ಟೇ ತಲೆಯೆತ್ತುತ್ತಿದ್ದ ಕಾಲವದು. ಚಿಕ್ಕಪ್ಪ ಆಫೀಸಿನಲ್ಲಿ ಗುಮಾಸ್ತರು, ಅವರ ಮಗಳು ವಸಂತ ಕಾನ್ವೆಂಟಿಗೆ ಹೋಗುತ್ತಿದ್ದಳು. ನಮ್ಮಪ್ಪ ಹೊಲ ನೋಡಿಕೊಳ್ಳುತ್ತಿದ್ದರು, ನಾನು ಸರ್ಕಾರಿ ಕನ್ನಡ ಶಾಲೆಗೆ. ಮನೆ ಒಂದೇ, ಇಬ್ಬರೂ ಎಂಟನೇ ಕ್ಲಾಸು. ಅವಳ ಬೂಟು, ಟೈಗಳನ್ನು ಹೇಗೋ ಸಹಿಸಿಕೊಂಡಿದ್ದೆ. ನನಗೆ ನಿಜವಾಗಿ ಹೊಟ್ಟೆಕಿಚ್ಚು ಹತ್ತಿದ್ದು ಅವಳು ಈರುಳ್ಳಿ ಸಿಪ್ಪೆ ನೋಡಿಬಂದ ದಿನ.

"ಮೈಕ್ರೋಸ್ಕೋಪಲ್ಲಿಟ್ಟು ತೋರ್ಸಿದ್ರು ಕಣೆ. ಒಳಗೆಲ್ಲ ಇಟ್ಟಿಗೆ ಜೋಡ್ಸಿದಂಗೈತೆ," ಅಂದಳು, ಬೇಯಿಸಿದ ಕಡಲೆಕಾಯಿ ಬಿಡಿಸುತ್ತಾ.

ಮಾರನೆಯ ದಿನ ನಾನೂ ಒಂದು ತೆಳು ಸಿಪ್ಪೆ ಸುಲಿದು ಬಿಸಿಲಿಗೆ ಹಿಡಿದೆ. ಕಣ್ಣಲ್ಲಿ ನೀರು ಬಂತೇ ಹೊರತು ಇಟ್ಟಿಗೆ ಕಾಣಲಿಲ್ಲ.

"ಸಾರಿಗೆ ಈರುಳ್ಳಿ ಎಚ್ಚು ಅಂತ ಕೊಟ್ರೆ ಏನಮ್ಮಿ ನೋಡ್ತಾ ಕುಂತಿದ್ದೀಯ?" ಎಂದು ಅಜ್ಜಿ ಗದರಿದರು.

ಮೈಕ್ರೋಸ್ಕೋಪು ನಮ್ಮ ಶಾಲೆಯಲ್ಲೂ ಇತ್ತು. ಮುರಿದರೆ ತಮ್ಮ ತಲೆಗೆ ಬರುತ್ತದೆಂದು ವಿಜ್ಞಾನದ ಮೇಷ್ಟ್ರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಪಾಠಕ್ಕೆ ಬೋರ್ಡಿನ ಮೇಲೆ ಅದರ ಚಿತ್ರ ಬರೆಯುತ್ತಿದ್ದರು. ಅದು ಹೊರಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ಆಯುಧಪೂಜೆಗೆ.

ಆ ವರ್ಷ ಪೂಜೆಗೆ ನಾನು ಒದ್ದೆ ಬಟ್ಟೆಯಲ್ಲಿ ಸಿಪ್ಪೆ ಸುತ್ತಿಕೊಂಡು ಹೋದೆ. ಕೋಣೆಯ ತುಂಬ ಕರ್ಪೂರ, ಕಡಲೆ ಉಸಲಿಯ ವಾಸನೆ.

"ಸಾರ್, ಒಂದೇ ಒಂದ್ಸಲ ನೋಡ್ತೀನಿ."

ಮೇಷ್ಟ್ರು ನನ್ನ ಮುಖ ನೋಡಿದರು. "ಮುಟ್ಬೇಡ, ಬಗ್ಗಿ ನೋಡು," ಎಂದು ತಾವೇ ಸಿಪ್ಪೆ ಇಟ್ಟುಕೊಟ್ಟರು.

ಒಂದು ಕಣ್ಣು ಮುಚ್ಚಿ ಬಗ್ಗಿದೆ. ಬರೀ ಕೆಂಪು. ಶಾಲೆಯ ಜವಾನ ಭಕ್ತಿಯಿಂದ ಗಾಜಿಗೂ ಗಂಧ ಕುಂಕುಮ ಹಚ್ಚಿದ್ದ. ಮೇಷ್ಟ್ರು ಪಂಚೆಯ ತುದಿಯಿಂದ ಒರೆಸಿದಷ್ಟೂ ಅದು ಮೆತ್ತಿಕೊಂಡಿತು.

"ಬರೋ ವರ್ಷ ನೋಡೀವಂತೆ ಬಿಡಮ್ಮ," ಎಂದು ಬೀರುವಿಗೆ ಬೀಗ ಹಾಕಿದರು.

ಸಂಜೆ ವಸಂತ ಕೇಳಿದಳು: "ನೋಡಿದ್ಯಾ?"

"ಹೂಂ. ಇಟ್ಟಿಗೆ ಇಟ್ಟಿಗೆ ಇತ್ತು," ಅಂದೆ. ಅವಳೆದುರು ಇಲ್ಲವೆನ್ನಲು ನಾಲಿಗೆ ಏಳಲಿಲ್ಲ.

ಮರುವರ್ಷದ ಪೂಜೆಗೆ ಮೊದಲೇ ಮೇಷ್ಟ್ರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹತ್ತನೇ ಕ್ಲಾಸಿನಲ್ಲಿ ವಿಜ್ಞಾನದಲ್ಲೇ ಫೇಲಾಗಿ ಮೂಕಂಡಪಲ್ಲಿಯ ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಸೇರಿದೆ.

ವಸಂತ ಈಗ ಪೇಟೆಯಲ್ಲಿ ರಕ್ತಪರೀಕ್ಷೆಯ ಲ್ಯಾಬು ಇಟ್ಟಿದ್ದಾಳೆ. ಮೊನ್ನೆ ಜ್ವರ ಬಂದು ಹೋಗಿದ್ದೆ. ಒಳಗೆ ಕರೆದು ನನ್ನ ರಕ್ತವನ್ನೇ ತೋರಿಸಿದಳು. ಕನ್ನಡಕ ತೆಗೆದು ಬಗ್ಗಿದೆ. ಗುಂಡಗುಂಡಗೆ, ಎಷ್ಟು ಸ್ಪಷ್ಟ. ಇಷ್ಟು ಸುಲಭಕ್ಕೆ ಕಾಣುವುದನ್ನು ನಮಗೆ ತೋರಿಸದೆ ಹೋದರಲ್ಲ ಎಂದು ಈ ವಯಸ್ಸಿನಲ್ಲೂ ಹೊಟ್ಟೆ ಉರಿಯಿತು. ವಸಂತಳ ಮೇಲೂ ಉರಿಯಿತು.

"ಒಂದು ಈರುಳ್ಳಿ ಸಿಪ್ಪೆ ಇಟ್ಟು ತೋರ್ಸೇ," ಅಂದೆ.

ವಸಂತ ನಕ್ಕಳು. "ಅದನ್ನ ನೀನು ಅವತ್ತೇ ನೋಡಿದ್ಯಲ್ಲೇ."

ಹೂಂ, ಅಂದೆ.