ಹಗ್ಗದ ಮೇಲೆ ಕೂತ ಡಾಕ್ಟರು

ನಿನ್ನೆ ಸಂಜೆ ಮೊಮ್ಮಗಳು ಕಾಲೇಜಿನಿಂದ ಬಂದು ರಬ್ಬರ್ ಬೂಟು ಬಾಗಿಲಲ್ಲಿ ಬಿಚ್ಚಿಟ್ಟಳು. ಗಲ್ಫ್‌ನ ಈ ಸಿಲಿಕಾನ್ ಓಯಸಿಸ್ ಬಡಾವಣೆಯ ನಮ್ಮ ಫ್ಲ್ಯಾಟಿನ ತುಂಬ ಸಗಣಿ, ಅಯೋಡಿನ್, ಹಸಿ ಕರುವಿನ ವಾಸನೆ. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ನಾನು ಎದ್ದುಹೋಗಿ ಮುಚ್ಚಿದೆ.

"ಅಜ್ಜಾ, ಇವತ್ತು ಒಂದು ಕಾಫ್ ಹುಟ್ತು. ಐ ವಾಸ್ ದೇರ್," ಎಂದಳು ಮೊಮ್ಮಗಳು.

ಅವಳು ದನದ ಡಾಕ್ಟರಿಕೆ ಓದುತ್ತಿದ್ದಾಳೆ. ನಾನೋ ನಾಲ್ಕನೇ ಇಯತ್ತೆಗೇ ಪಾಟಿ ಕೆಳಗಿಟ್ಟವನು. ಈ ಸುದ್ದಿಯನ್ನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. ನನ್ನ ಒಂದು ಮಾತೂ ತಿಳಿಯದ ಫಿಲಿಪಿನೊ ಹುಡುಗಿಗೂ ಹೇಳಿದ್ದೇನೆ. ಪಾಪ, ಅವಳು ನನ್ನಷ್ಟೇ ನಕ್ಕಳು.

ಆ ವಾಸನೆ ನನ್ನನ್ನು ಸೀದಾ ಅಬುಧಾಬಿಯ ಫಾರಂಗೆ ಕರೆದೊಯ್ದಿತು...

ಅಲ್ ಐನ್ ರಸ್ತೆಯಿಂದ ಒಳಗೆ, ಮರಳಿನ ನಡುವೆ, ನಾವು ಮಾಂಸಕ್ಕೆಂದು ದನ ಸಾಕುತ್ತಿದ್ದೆವು. ಮೇವು, ನೀರು, ಬಾಣಂತನ ನನ್ನ ಪಾಲು. ಔಷಧ, ತಳಿ ಎಲ್ಲ ಡಾಕ್ಟರದು. ಅವರು ಧಾರವಾಡದ ಕಡೆಯವರು, ನನ್ನನ್ನು ಕಾಕಾ ಎನ್ನುತ್ತಿದ್ದರು. ಮಾಲೀಕನನ್ನು ನಾವೆಲ್ಲ ಅರಬಾಬ್ ಎನ್ನುತ್ತಿದ್ದೆವು. ಅವನಿಗೆ ಒಂದು ದೊಡ್ಡ ಹೋರಿಯ ಮೇಲೆ ಪ್ರಾಣ. ಅದರ ಕರುಗಳು ಬೇಗ ಮೈತುಂಬಿಕೊಳ್ಳುತ್ತಿದ್ದವು, ನಿಜ. ಆದರೆ ಹುಟ್ಟುವಾಗಲೇ ಭುಜ ಅಗಲ. ಚೊಚ್ಚಲ ಈಯುವ ಕಡಸುಗಳಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಕರುವಿನ ಕಾಲಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದೆವು. ಕೆಲವೊಮ್ಮೆ ಕರು ಹೋಗುತ್ತಿತ್ತು, ಕೆಲವೊಮ್ಮೆ ತಾಯಿ...

ಕಡಸುಗಳಿಗೆ ಬೇರೆ ಹೋರಿ ಬೇಕು ಎಂದರು ಡಾಕ್ಟರು. ಅವರು ಆರಿಸಿದ್ದು ಸಣ್ಣ ತಲೆಯ, ಸಪೂರ ಭುಜದ ಹೋರಿ. ಅರಬಾಬ್ ಅದನ್ನು ಸುತ್ತಿ ಬಂದು, "ಡಾಕ್ಟರ್, ಯೇ ಬೈಲ್ ಹೈ ಯಾ ಬಕ್ರಾ?" ಎಂದು ಹೋರಿಯನ್ನು ಹೋತಕ್ಕೆ ಹೋಲಿಸಿ ನಕ್ಕ. ಆಮೇಲೆ ನಗು ನಿಲ್ಲಿಸಿ ಕರಾರು ಹೇಳಿದ: ಕರುಗಳು ಹುಟ್ಟಿದ ವರ್ಷದೊಳಗೆ ಮೈತುಂಬಿ ಬೆಳೆಯದಿದ್ದರೆ ಹೋರಿ ಕಸಾಯಿಖಾನೆಗೆ, ಡಾಕ್ಟರು ಊರಿಗೆ. ಖಲಾಸ್.

"ಮನಿಮಂದಿನ್ನ ಈಗಷ್ಟ ಇಲ್ಲಿಗೆ ಕರ್ಕೊಂಡು ಬಂದೀರಿ. ಯಾಕ ಬೇಕಿತ್ರೀ ಸಾಹೇಬ್ರ ಇದು?" ಎಂದೆ.

"ಹಗ್ಗ ಜಗ್ಗಿ ಜಗ್ಗಿ ನಿಮ್ಮ ರಟ್ಟಿ ನೋಯೂದಿಲ್ಲೇನು ಕಾಕಾ? ಈ ಹೋರಿ ಅವ್ವ ಯಾರ ಕೈನೂ ಹಚ್ಚಿಸಿಕೊಳ್ಳದ ಈದಾಳ. ಇದರ ಅಣ್ಣತಮ್ಮಂದಿರು ಹುಟ್ಟಿದಾಗ ಹಗೂರ, ಆಮ್ಯಾಲೆ ಭಾಳ ಜೋರು. ಹೆದರಬ್ಯಾಡ್ರಿ."

ಒಂಬತ್ತು ತಿಂಗಳು ಕಳೆದ ಮೇಲೆ, ನಾನು ಬಾಟಲಿ ಹಾಲು ಕುಡಿಸಿ ಬೆಳೆಸಿದ ಕೆಂಪು ಕಡಸೇ ಮೊದಲು ಈಯಲು ಮಲಗಿತು. ನಾನು ಹಗ್ಗ ಹಿಡಿದು ಓಡಿದೆ. ಡಾಕ್ಟರು ಅದನ್ನು ಕಸಿದುಕೊಂಡು, ಸುರುಳಿ ಸುತ್ತಿ, ಅದರ ಮೇಲೆ ಕುಕ್ಕರಿಸಿ ಕೂತುಬಿಟ್ಟರು.

"ಚಾ ಕುಡೀರಿ," ಎಂದರು.

ಚಹಾ ಯಾರಿಗೆ ಇಳಿಯುತ್ತದೆ? ಕಡಸು ನರಳುತ್ತಿತ್ತು. ಡಾಕ್ಟರ ಕಣ್ಣು ಅದರ ಮೇಲೆಯೇ ಇತ್ತು. ಹಣೆಯ ಬೆವರು ಗಡ್ಡದವರೆಗೆ ಇಳಿದರೂ ಅವರು ಕದಲಲಿಲ್ಲ. ಕೊನೆಗೆ ಎರಡು ಗೊರಸು, ಅವುಗಳ ಮೇಲೆ ಮೂತಿ, ಹಿಂದೆಯೇ ಇಡೀ ಕರು ಮರಳಿಗೆ ಜಾರಿತು. ಮೇಕೆಮರಿಯಷ್ಟೇ ಇತ್ತು. ತಾಯಿ ಎದ್ದು ನೆಕ್ಕತೊಡಗಿತು. ಒಣಗುವ ಮೊದಲೇ ಕರು ಕೆಚ್ಚಲು ಹುಡುಕಿಕೊಂಡು ಹೊರಟಿತು.

ಆ ವರ್ಷ ನಾವು ಒಂದು ಕಡಸನ್ನೂ ಕಳೆದುಕೊಳ್ಳಲಿಲ್ಲ. ಕರುಗಳಿಗೆ ವರ್ಷ ತುಂಬಿ ತೂಕದ ದಿನ ಬಂದಾಗ ಅರಬಾಬ್ ತಾನೇ ಕಾಟಾದ ಪಕ್ಕ ನಿಂತ. ಸಪೂರ ಹೋರಿಯ ಕರುಗಳು ದೊಡ್ಡ ಹೋರಿಯ ಕರುಗಳಿಗೆ ಸರಿಸಮ ನಿಂತವು. ನಮ್ಮ ಕೆಂಪಿಯ ಕರುವಂತೂ ಒಂದು ಹಿಡಿ ಮುಂದೆಯೇ.

"ಯಲ್ಲಾ, ನಡಿ, ಇನ್ನು ಎಲ್ಲ ಹಸುಗಳಿಗೂ ಇದೇ ಹೋರಿ," ಎಂದ ಅರಬಾಬ್.

"ಬೇಡ," ಎಂದರು ಡಾಕ್ಟರು. "ಕಡಸುಗಳಿಗೆ ಮಾತ್ರ. ದೊಡ್ಡ ಹಸುಗಳು ದೊಡ್ಡ ಹೋರಿಯ ಕರು ತಡೆಯುತ್ತವೆ."

ಅರಬಾಬ್ ಅವರನ್ನೇ ನೋಡಿದ. "ಗೆದ್ದರೂ ಜಗಳ ಬಿಡುವುದಿಲ್ಲವಲ್ಲ ನೀನು," ಎಂದು ಅವರ ಬೆನ್ನು ತಟ್ಟಿ ಹೋದ.

ಆ ಫಾರಂ ಈಗ ಇಲ್ಲ. ಡಾಕ್ಟರು ರಜೆಯಲ್ಲಿ ಊರಿಗೆ ಹೋದವರು ಎದೆನೋವಿನಿಂದ ಅಲ್ಲೇ ತೀರಿಕೊಂಡರು. ನಾನು ಅವರ ದಾರಿ ಕಾಯುತ್ತ ಕರುಗಳ ಲೆಕ್ಕ ಒಪ್ಪಿಸಲು ಕೂತಿದ್ದೆ...

ನಿನ್ನೆ ಇದನ್ನೆಲ್ಲ ಕೇಳಿ ಮೊಮ್ಮಗಳು, "ಅಜ್ಜಾ, ಇದು ನಮ್ಮ ಸಿಲಬಸ್‌ನಲ್ಲೇ ಇದೆ," ಎಂದಳು. ಇರಬೇಕು, ಒಳ್ಳೆಯದೇ. ಆದರೆ ಡಾಕ್ಟರು ಇದ್ದಿದ್ದರೆ ಇವಳನ್ನು ಅವರ ಮುಂದೆ ನಿಲ್ಲಿಸುತ್ತಿದ್ದೆ. ಅರಬಾಬ್‌ನ ಎದುರು ಬೇಡ ಅನ್ನುವ ಧೈರ್ಯ ಇದೆಯೇನವ್ವಾ ಎಂದು ಅವರು ಕೇಳುತ್ತಿದ್ದರು. ಇದೆ ಎಂದು ಇವಳು ಹೇಳುತ್ತಿದ್ದಳು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಕೇಳಲು ಅವರಿಲ್ಲ, ಅಷ್ಟೇ.