ಅಟ್ಟ ತಡೆದೀತೇ? ಹುಲೆಪ್ಪನವರನ್ನು ಕೇಳಿ

ಮೂಡಲು ಈಗಷ್ಟೇ ಕೆಂಪೇರುತ್ತಿದೆ. ನಿಂಬರ್ಗಾದ ದೌಲತರಾಯರ ಕಣಜದ ಮನೆಯಲ್ಲಿ, ಅಟ್ಟದ ಕೆಳಗೆ, ಹುಲೆಪ್ಪನವರು ಕತ್ತೆತ್ತಿ ನಿಂತಿದ್ದಾರೆ. ಈ ಕಂಬದಿಂದ ಆ ಕಂಬಕ್ಕೆ, ನಡುತೊಲೆಯ ಅಡಿಗೆ, ಒಂದು ಹುರಿ ಬಿಗಿದಿದ್ದಾರೆ. ಬಾಯಲ್ಲಿ ಜೋಳದ ಕಾಳು. ಒಂದೊಂದನ್ನೇ ತೆಗೆದು ತೊಲೆಗೂ ಹುರಿಗೂ ನಡುವೆ ಪೇರಿಸಿ ನೋಡುತ್ತಾರೆ, ಎಷ್ಟು ಕಾಳು ಹಿಡಿಯುತ್ತದೆ ಎಂದು.

“ಆರs ಹಿಡಿತಾವ,” ಎಂದು ಗೊಣಗುತ್ತಾರೆ. ಅಟ್ಟ ಹೊಸದಿದ್ದಾಗ ಹತ್ತು ಹಿಡಿದಿತ್ತಂತೆ. ಅಟ್ಟ ಇವತ್ತು ಪೂರ್ತಿ ಖಾಲಿ. ಖಾಲಿ ಇದ್ದೂ ತೊಲೆ ನಾಲ್ಕು ಕಾಳಿನಷ್ಟು ಇಳಿದಿದೆ.

ಚೌಡಾಪುರದ ಹುಲೆಪ್ಪನವರಿಗೆ ಐವತ್ತೆರಡು ವರ್ಷ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನಲ್ಲಿ ಯಾವ ಅಟ್ಟ ಎಷ್ಟು ಚೀಲ ತಡೆಯುತ್ತದೆ ಎಂದು ಹೇಳುವವರು ಇವರೊಬ್ಬರೇ. ಹರೆಯದಲ್ಲಿ ತೊಲೆ ಹೊರುತ್ತಿದ್ದರು. ಹೆಗಲು ಕಲಿತದ್ದನ್ನು ಕಣ್ಣಿಗೆ ಕಲಿಸಿದರು, ಅಷ್ಟೇ. ಒಂದು ಅಟ್ಟಕ್ಕೆ ನಾಲ್ಕು ಸೇರು ಜೋಳ. ದಿನಕ್ಕೆ ಐದಾರು ಹರದಾರಿ ನಡಿಗೆ. ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯುತ್ತಾರೆ, ಸವೆಯಬಾರದಲ್ಲ!

ಜೋಳವನ್ನು ಹಗೇವಿನಲ್ಲಿ ಹೂಳಿಡುವ ಸೀಮೆ ನಮ್ಮದು. ಆದರೆ ಲಡಾಯಿ ಶುರುವಾದ ಮೇಲೆ, ಬೆಳೆದದ್ದರಲ್ಲಿ ಸರ್ಕಾರಕ್ಕೆ ಪಾಲು ಕೊಡುವ ಲೆವಿ ಬಂತು. ಲೆವಿಯವರು ಚೀಲ ಎಣಿಸಿ ಕೊಡಿ ಎನ್ನುತ್ತಾರೆ. ನೆಲದೊಳಗಿನ ಜೋಳವನ್ನು ಎಣಿಸುವುದು ಹೇಗೆ? ಹೀಗಾಗಿ ಎಲ್ಲರ ಜೋಳವೂ ಅಟ್ಟ ಏರಿದೆ, ಹುಲೆಪ್ಪನವರ ಲೆಕ್ಕ ಎಲ್ಲರಿಗೂ ಬೇಕಾಗಿದೆ.

ಅವರ ಲೆಕ್ಕ ಸರಳ. “ಹತ್ತು ಚೀಲಕ್ಕ ಒಂದು ಕಾಳು ಇಳದ್ರ ಛಲೋ ತೊಲಿ. ಹತ್ತಕ್ಕ ಎರಡು ಇಳೀತಂದ್ರ, ‘ಸಾಕಪಾ’ ಅಂತದ. ಅಲ್ಲಿಗಿ ನಿಂದರಸಬೇಕು. ನಿಂದರಿಸಿದ್ರಾಗ ಅರ್ಧ ಇಡಬೇಕು.”

ಅರ್ಧ ಏಕೆ ಎಂದು ಕೇಳುತ್ತೇನೆ. ನನ್ನತ್ತ ಕನಿಕರದಿಂದ ನೋಡುತ್ತಾರೆ. “ಹಮಾಲಿ ಚೀಲ ಇಡ್ತಾನೇನ್ರಿ ಸಾಹೇಬ್ರ? ಧಪ್ ಅಂತ ಒಗೀತಾನ.”

ಇಷ್ಟೆಲ್ಲ ಬಲ್ಲವರು ಮೂವತ್ತು ವರ್ಷದಲ್ಲಿ ಒಮ್ಮೆಯೂ ಅಟ್ಟ ಹತ್ತಿಲ್ಲ. ಹತ್ತಗೊಡುವುದಿಲ್ಲ. ಕಣದಲ್ಲಿ ಜೋಳ ಬಡಿದವರು, ತೂರಿದವರು, ಚೀಲ ತುಂಬಿದವರು ಎಲ್ಲ ಇವರ ಕೇರಿಯವರೇ. ಆದರೆ ಒಮ್ಮೆ ಕುಂಕುಮ ಬಿದ್ದ ಅಟ್ಟಕ್ಕೆ, ಅದು ಖಾಲಿ ಇದ್ದರೂ, ಇವರು ಕಾಲಿಟ್ಟರೆ ಲಕ್ಷ್ಮಿಗೆ ಮೈಲಿಗೆ ತಟ್ಟುತ್ತದಂತೆ. ಎಂಥ ಲಕ್ಷ್ಮಿಯಪ್ಪಾ! ನನಗೆ ಸಿಟ್ಟು ಬರುತ್ತದೆ, ಹುಲೆಪ್ಪನವರಿಗೆ ಬರುವುದಿಲ್ಲ. ಕೆಳಗೆ ನಿಂತೇ ನೋಡಬೇಕಾದ್ದರಿಂದಲೇ ಈ ಹುರಿ, ಈ ಕಾಳು ಹುಟ್ಟಿದವು ಎನ್ನುತ್ತಾರೆ.

ಆದರೆ ಎರಡು ವರ್ಷದ ಹಿಂದೆ ಯಡ್ರಾಮಿಯಲ್ಲಿ ಅವರ ಲೆಕ್ಕ ತಪ್ಪಿತು. ಅರವತ್ತು ಎಂದು ಹೇಳಿದ್ದ ಅಟ್ಟ ಐವತ್ತೆರಡಕ್ಕೇ ಮುರಿದುಬಿತ್ತು. ಕೆಳಗಿದ್ದ ಹೆಣ್ಣುಮಗಳೊಬ್ಬಳ ಕಾಲು ಹೋಯಿತು. ಹುಲೆಪ್ಪನವರು ಓಡಿ ಹೋಗಿ ನೋಡಿದರೆ ಚೀಲಗಳ ನಡುವೆ ರಾಶಿ ರಾಶಿ ಮಣ್ಣಿನ ಹೆಂಟೆ. ವರ್ಷವರ್ಷವೂ ದೀಪಾವಳಿಗೆ ಮುಂಚೆ ಮನೆಯ ಹೆಂಗಸರು ಅಟ್ಟದ ಹಲಗೆಯ ಮೇಲೆ ಹೊಸ ಮಣ್ಣು ಮೆತ್ತಿ ಸಾರಿಸುತ್ತಾರೆ. ಹಳೆಯದನ್ನು ಯಾರೂ ಕೆರೆಯುವುದಿಲ್ಲ.

“ಒಂಬತ್ತು ಪದರ ಎಣಿಸಿದ್ನಿರಿ. ಅಷ್ಟು ಮಣ್ಣು ಮ್ಯಾಲ ಕುಂತದಂತ ನನಗ ಹೆಂಗ ಗೊತ್ತಾಗಬೇಕು? ಆಕಿ ಕಾಲು ಇನ್ನs ಕನಸಿನ್ಯಾಗ ಬರ್ತದ.”

ಆವತ್ತೇ ಶಪಥ ಮಾಡಿದರು: ಹತ್ತಿ ನೋಡದೆ ಲೆಕ್ಕ ಹೇಳುವುದಿಲ್ಲ. ವರ್ಷಕ್ಕೆ ನಲವತ್ತು ಅಟ್ಟ ನೋಡುತ್ತಿದ್ದವರನ್ನು ಈಗ ಕರೆಯುವವರು ಇಪ್ಪತ್ತು ಮಂದಿ. ಕರೆದವರೂ ಮಾತು ಕೇಳಿ ವಾಪಸು ಕಳಿಸುತ್ತಾರೆ. ಹತ್ತಗೊಟ್ಟವರು ಇನ್ನೂ ಒಬ್ಬರಿಲ್ಲ.

ಹೊತ್ತು ಏರುತ್ತದೆ. ದೌಲತರಾಯರು ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಬರುತ್ತಾರೆ. ಗುರುವಾರ ಲೆವಿಯವರು ಬರುತ್ತಾರೆ, ಅಷ್ಟರೊಳಗೆ ಎಂಬತ್ತು ಚೀಲ ಮೇಲೇರಬೇಕು. “ಎಂಬತ್ತು ಅಂತ ನೀನs ಹೇಳಿದ್ದಲ್ಲೋ ಹುಲೆಪ್ಪಾ?”

“ಹೇಳಿದ್ನಿರಿ ಧಣೇರ. ಒಂಬತ್ತು ವರ್ಷದ ಹಿಂದ. ಈಗ ತೊಲಿ ಇಳದದ. ಮಣ್ಣಿನ ಭಾರಕ್ಕ ಇಳದದೋ, ತೊಲಿನs ದಣದದೋ, ಕೆಳಗ ನಿಂತು ತಿಳಿಯಂಗಿಲ್ಲ. ನಾ ಹತ್ತಬೇಕು.”

ರಾಯರು ಬಾಗಿಲ ಕಡೆ ನೋಡುತ್ತಾರೆ. ಅಲ್ಲಿ ಅವರ ತಾಯಿ ಸರಸ್ವತಿಬಾಯಿ ನಿಂತಿದ್ದಾರೆ. ಅಟ್ಟದ ಪೂಜೆ ಅವರದು, ಮಣ್ಣು ಮೆತ್ತುವ ಕೈಯೂ ಅವರದೇ. “ನಾನs ಹತ್ತಿ ನೋಡಿ ಹೇಳ್ತೇನಿ, ಎಷ್ಟು ಮಣ್ಣದ ಅಂತ,” ಎನ್ನುತ್ತಾರೆ.

“ಮಣ್ಣು ನೀವು ಹೇಳ್ತೀರಿ ಅವ್ವಾರ. ಮಣ್ಣಿನ ಕೆಳಗ ತೊಲಿಗಿ ಹುಳ ಹತ್ಯಾದೇನು, ಅದನ್ನ ಯಾರು ಹೇಳಬೇಕು?”

ಹುಲೆಪ್ಪನವರು ಹುರಿ ಬಿಚ್ಚಿ ಸುತ್ತತೊಡಗುತ್ತಾರೆ. ಇದೂ ಹೋಯಿತು ಎಂದುಕೊಳ್ಳುತ್ತೇನೆ.

ಅಷ್ಟರಲ್ಲಿ ತೊಗರಿ ಹಸನು ಮಾಡುವ ಹತ್ತು ಹೆಂಗಸರು ಮೊರ ಹಿಡಿದು ಬರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅವರು ಕೂತುಕೊಳ್ಳುವುದು ಇದೇ ಅಟ್ಟದ ಕೆಳಗೆ. ಅವರ ಮುಂದಾಳು ಶರೀಫಾಬಿ ಹುರಿ ಸುತ್ತುವುದನ್ನು ನೋಡಿ ಹೊಸ್ತಿಲಲ್ಲೇ ನಿಲ್ಲುತ್ತಾಳೆ. “ಯಾಕ ಹೊಂಟಿ ಕಾಕಾ? ನೋಡಿದಿ?”

“ಹತ್ತಗೊಡವಲ್ರು ಬೇ. ಲೆಕ್ಕ ನನಗ ಗೊತ್ತಿಲ್ಲ.”

ಶರೀಫಾಬಿ ಮೊರವನ್ನು ಅಂಗಳದಲ್ಲಿ ಇಟ್ಟು ಅದರ ಪಕ್ಕದಲ್ಲೇ ಕೂತುಬಿಡುತ್ತಾಳೆ. ಉಳಿದವರೂ ಕೂರುತ್ತಾರೆ. “ಎಂಬತ್ತು ಚೀಲ ನಮ್ಮ ತಲಿ ಮ್ಯಾಲ ಇರ್ತಾವ್ರಿ ಅವ್ವಾರ. ಕಾಕಾ ಹತ್ತಿ ನೋಡೂತನಕ ನಾವು ಒಳಗ ಬರಂಗಿಲ್ಲ. ಬಿಸಲಾಗ ಕುಂಡ್ರತೀವಿ, ಸಾಯಂಗಿಲ್ಲ.”

ಸರಸ್ವತಿಬಾಯಿ ಆ ಹತ್ತು ಮಂದಿಯನ್ನು ಒಬ್ಬೊಬ್ಬರಾಗಿ ನೋಡುತ್ತಾರೆ. ಆಮೇಲೆ ಸೆರಗು ಸರಿಪಡಿಸಿಕೊಂಡು, “ಕಾಲು ತೊಳಕೊಂಡು ಹತ್ತಪಾ,” ಎನ್ನುತ್ತಾರೆ.

ಹುಲೆಪ್ಪನವರು ಕಾಲು ತೊಳೆಯುತ್ತಾರೆ. ಚೀಲ ಹೊಲಿಯುವ ದಬ್ಬಳವನ್ನು ಹಲ್ಲಿನಲ್ಲಿ ಕಚ್ಚಿ ಏಣಿ ಏರುತ್ತಾರೆ. ಮೇಲೆ ಒಂದೊಂದೇ ಹೆಜ್ಜೆಯ ಸದ್ದು, ದಬ್ಬಳ ಚುಚ್ಚುವ ಸದ್ದು. ಮೊದಲ ಸಲ ಅವರು ಮೇಲೆ, ನಾವೆಲ್ಲ ಕೆಳಗೆ ಕತ್ತೆತ್ತಿ ನಿಂತಿದ್ದೇವೆ.

“ತೊಲಿ ಗಟ್ಟಿ ಅದ!” ಎಂದು ಮೇಲಿನಿಂದಲೇ ಕೂಗುತ್ತಾರೆ. “ಮಣ್ಣು ನಾಕು ಬೆರಳು ದಪ್ಪ, ನಲವತ್ತು ಚೀಲದ ಭಾರ. ಕೆರಿಸ್ರಿ, ಎಂಬತ್ತು ಇಡ್ರಿ. ಕೆರಿಸೂತನಕ ನಲವತ್ತಕ್ಕ ಒಂದೂ ಹೆಚ್ಚಿಗಿ ಬ್ಯಾಡ.”

“ಒಂಬತ್ತು ವರ್ಷ ನಾನs ಮೆತ್ತೇನಲ್ಲೋ, ನನ್ನ ಕೈ ಸುಡಲಿ,” ಎಂದು ಸರಸ್ವತಿಬಾಯಿ ಹಣೆ ಚಚ್ಚಿಕೊಂಡು ನಗುತ್ತಾರೆ. ದೌಲತರಾಯರು ಸನಿಕೆ ತರಿಸಲು ಹೋಗುತ್ತಾರೆ. ಶರೀಫಾಬಿ ಎದ್ದು ಎಲ್ಲರಿಗಿಂತ ಮೊದಲು ಒಳಗೆ ಹೋಗಿ ನಡುತೊಲೆಯ ಕೆಳಗೇ ಮೊರ ಹಾಕುತ್ತಾಳೆ.

ಹುಲೆಪ್ಪನವರು ಇಳಿದು ಬಂದು ಅಂಗೈ ಝಾಡಿಸಿಕೊಳ್ಳುತ್ತಾರೆ. ಮೂವತ್ತು ವರ್ಷ ಕೆಳಗಿನಿಂದ ನೋಡಿದ್ದು, ಮೇಲೆ ಏನಿತ್ತು ಎಂದು ಕೇಳದೆ ಇರಲು ನನ್ನಿಂದ ಆಗುವುದಿಲ್ಲ.

ಅವರು ಮೊದಲ ಬಾರಿಗೆ ಜೋರಾಗಿ ನಗುತ್ತಾರೆ. “ಏನಿಲ್ರಿ ಸಾಹೇಬ್ರ. ನಮ್ಮ ಮನ್ಯಾಗ ಇದ್ದಂಥಾದ್ದೇ ಮಣ್ಣು.”